ಬಾಣದ ಮೇಲಿನ ಬೆಳಕು

"ನೋಡಕ್ಕ, ಬೋರ್ಡು ಬರೆಯೋನಿಗೆ ಬರೀ ಅಕ್ಷರ ಬಂದ್ರೆ ಸಾಲದು, ಚೀಟಿ ನೋಡೋಕೆ ಬರಬೇಕು. ಜನ ಚೀಟಿ ಬರೆದು ಕೊಡ್ತಾರಲ್ಲ, ಅದರಲ್ಲಿ ಸಾಲಿನಲ್ಲಿ ಇರೋದು ನೆನಪಿದ್ದದ್ದು. ಸಾಲಿನ ಮೇಲೆ ಇರೋದು ಮರೆತು ಆಮೇಲೆ ತುರುಕಿದ್ದು. ನಂಗೆ ಇದು ಗೊತ್ತಾದದ್ದು ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ. 'ಇಲ್ಲಿ ಹಲ್ಲು ಕೀಳಲಾಗುವುದು' ಅಂತ ದಪ್ಪಗೆ ಬರೆದು, ಮೇಲೆ ಇರುವೆ ಸಾಲಿನ ಹಾಗೆ 'ನೋವಿಲ್ಲದೆ' ಅಂತ ಗೀಚಿದ್ರು. ನಾನು ಆಗ ಹೊಸಬ. ಚೀಟಿಯಲ್ಲಿದ್ದ ಹಾಗೇ ಮೇಲೆ ಸಣ್ಣಗೆ ಬರೆದುಬಿಟ್ಟೆ. ರಸ್ತೆಯಿಂದ ನೋಡಿದ್ರೆ ಹಲ್ಲು ಕೀಳೋದು ಕಾಣುತ್ತೆ, ನೋವಿಲ್ಲದೆ ಅನ್ನೋದು ಕಾಣಲ್ಲ! ಒಬ್ಬ ರೋಗಿಯೂ ಮೆಟ್ಟಿಲು ಹತ್ತಲಿಲ್ಲ. ಡಾಕ್ಟರು ಕರೆದು ನನ್ನ ಹಲ್ಲು ಕೀಳೋದೊಂದು ಬಾಕಿ. ಅವತ್ತಿಂದ ಮೇಲೆ ಏನೇ ಇರಲಿ, ಕೈ ಹಿಡಿದು ಸಾಲಿಗೆ ಇಳಿಸಿ ಕೂರಿಸ್ತೀನಿ. ಇಷ್ಟು ವರ್ಷ ಯಾರೂ ತಪ್ಪು ಅನ್ನಲಿಲ್ಲ. ಈಗ ಈ ಶಾಲೆ ಗೋಡೆಯಲ್ಲೂ ಅದನ್ನೇ ಮಾಡಿದೆ. ಬಾಣದ ತಲೆ ಮೇಲೆ 'ಬೆಳಕು' ಅಂತ ಇತ್ತು. ಪಾಪ, ಮೇಡಂ ಮರೆತು ಆಮೇಲೆ ಸೇರಿಸಿದ್ದಾರೆ ಅಂತ ಕೆಳಗಿಳಿಸಿ, ಒಂದು ಕೂಡಿಸೋ ಗುರುತು ಹಾಕಿ, ನೀರಿನ ಪಕ್ಕದಲ್ಲಿ ಕೂರಿಸಿದೆ. ಬೆಳಕು ಅಂದ್ಮೇಲೆ ಹಳದಿ ಬಣ್ಣವನ್ನೂ ಕೊಟ್ಟೆ. ಅದೇ ಈಗ ತಪ್ಪಂತೆ. ಹೇಳಕ್ಕ, ಇದರಲ್ಲಿ ನನ್ನ ತಪ್ಪೇನಿದೆ?"

ನನ್ನ ತಮ್ಮ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಇಷ್ಟೂ ಹೇಳಿದ. ಹೇಳುವಾಗ ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದಿದ್ದ. ಆ ಕೈ ಈಚೆಗೆ ಸ್ವಲ್ಪ ನಡುಗುತ್ತದೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದ. ನಾನೂ ಗೊತ್ತಿಲ್ಲದವಳ ಹಾಗೆಯೇ ಇದ್ದೆ.

ಅವನನ್ನು ಎಲ್ಲರೂ ಕುಂಚಪ್ಪ ಅಂತಲೇ ಕರೆಯುವುದು. ಮನೆಯಲ್ಲಿಟ್ಟ ಹೆಸರು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಚಿಕ್ಕವನಿದ್ದಾಗ ಪೊರಕೆ ಕಡ್ಡಿ ಜಜ್ಜಿ ಕುಂಚ ಮಾಡಿಕೊಂಡು ಸುಣ್ಣದ ನೀರಿನಲ್ಲಿ ಅದ್ದಿ ನೆಲದ ತುಂಬ ಬರೆಯುತ್ತಿದ್ದ. ಬೆಳೆದ ಮೇಲೆ ಅದೇ ಹೊಟ್ಟೆಪಾಡಾಯಿತು. ನಾವಿರುವ ಬೀದಿಯಲ್ಲಿ ನಡೆದರೆ ಎರಡೂ ಕಡೆ ಅವನ ಅಕ್ಷರಗಳೇ. ಸೈಕಲ್ ರಿಪೇರಿ ಅಂಗಡಿ, ಕನ್ನಡಕದ ಅಂಗಡಿ, ದರ್ಜಿಯ ಅಂಗಡಿ, "ಇಲ್ಲಿ ಗಾಡಿ ನಿಲ್ಲಿಸಬೇಡಿ" ಅನ್ನುವ ಗೇಟುಗಳು. ಬಣ್ಣ ಮಾಸಿದ್ದರೂ ಅಕ್ಷರದ ಹೊಟ್ಟೆ ನೋಡಿದರೆ ಸಾಕು, ಇದು ನಮ್ಮವನದೇ ಅಂತ ಹೇಳಬಹುದು. ಉಂಡು ತೃಪ್ತಿಯಾದವರ ಹೊಟ್ಟೆಯ ಹಾಗೆ ದುಂಡಗೆ ಇರುತ್ತವೆ.

ಆಮೇಲೆ ಯಂತ್ರದಲ್ಲಿ ಬೋರ್ಡು ಅಚ್ಚು ಹಾಕುವ ಕಾಲ ಬಂತು. ಹಾಳೆಯ ಮೇಲೆ ಬೆಳಿಗ್ಗೆ ಅಚ್ಚು ಹಾಕಿ ಮಧ್ಯಾಹ್ನ ಗೋಡೆಗೆ ಹೊಡೆದುಬಿಡುತ್ತಾರೆ. ನಮ್ಮ ಬೀದಿಯಲ್ಲಿ ಆ ಯಂತ್ರ ತಂದವನು ಬೇರೆ ಯಾರೂ ಅಲ್ಲ, ನಮ್ಮ ಕೊನೆಯ ತಮ್ಮ. ಅವನನ್ನು ಚಿಕ್ಕೋನು ಅನ್ನುತ್ತೇವೆ, ತಲೆ ನರೆತಿದ್ದರೂ. ಕುಂಚ ಹಿಡಿಯುವುದನ್ನು ಅಣ್ಣನ ಹತ್ತಿರವೇ ಕಲಿತವನು. ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ. "ಬಾ ಅಣ್ಣ, ನನ್ನ ಅಂಗಡಿಗೆ ಬಾ. ಬ್ಯಾನರ್ ಕಟ್ಟೋಕೆ ಒಬ್ಬರು ಬೇಕು. ಗಿರಾಕಿ ಬಣ್ಣಕ್ಕೆ ಕೊಡ್ತಾನೆ, ಹಲಗೆಗೆ ಕೊಡ್ತಾನೆ. ನಿನ್ನ ಕೈಗೆ ಅಂತ ಪ್ರತ್ಯೇಕ ಯಾರು ಕೊಡ್ತಾರೆ ಈಗ?" ಅಂತ ಸಿಕ್ಕಾಗಲೆಲ್ಲ ಅನ್ನುತ್ತಿದ್ದ. ಕುಂಚಪ್ಪ ಸುಮ್ಮನೆ ಎದ್ದು ಹೋಗುತ್ತಿದ್ದ.

ಹೀಗಿರುವಾಗ ಶಾಲೆಯ ಗೋಡೆ ಸಿಕ್ಕಿತು. ಪ್ರಯೋಗಾಲಯದ ಹೊರಗಿನ ಉದ್ದ ಪಡಸಾಲೆ ಗೋಡೆ. ಹೆಡ್ ಮಾಸ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. "ಮೊದಲು ಇದೊಂದು ಬರೀರಿ, ನೋಡೋಣ. ಚೆನ್ನಾಗಿ ಬಂದ್ರೆ ಉಳಿದ ಗೋಡೆಗಳೂ ಇವೆ. ಬರದಿದ್ರೆ ಅಚ್ಚಿನ ಹಾಳೆ ಹಾಕಿಸೋದು ಇದ್ದೇ ಇದೆ," ಅಂದಿದ್ದರು. ಆ ಗೋಡೆಗಳು ಸಿಕ್ಕರೆ ತಮ್ಮ ಕುಂಚ ಹಿಡಿದೇ ಉಳಿಯುತ್ತಾನೆ. ಸಿಗದಿದ್ದರೆ ಚಿಕ್ಕೋನ ಏಣಿ ಹೊತ್ತುಕೊಂಡು ಬ್ಯಾನರ್ ಕಟ್ಟಬೇಕು. ನಡುವೆ ಮೂರನೇ ದಾರಿ ಇರಲಿಲ್ಲ.

ವಿಜ್ಞಾನದ ಮೇಡಂ ಚೀಟಿ ಬರೆದುಕೊಟ್ಟರು. ಎಲೆಗಳು ಆಹಾರ ತಯಾರಿಸಿಕೊಳ್ಳುವ ಬಗೆಯನ್ನು ಒಂದೇ ಸಾಲಿನಲ್ಲಿ ಹೇಳುವ ಸಮೀಕರಣ ಅದು. ಗೋಡೆಯಿಂದ ನೋಡಿ ಇಳಿಸಿಕೊಂಡಿದ್ದೇನೆ: 6CO₂ + 6H₂O → C₆H₁₂O₆ + 6O₂. ಬಾಣದ ಮೇಲೆ "ಬೆಳಕು", ಬಾಣದ ಕೆಳಗೆ "ಪತ್ರಹರಿತ್ತು". ಪತ್ರಹರಿತ್ತು ಅಂದರೆ ಎಲೆಯೊಳಗಿನ ಹಸಿರು. ಕುಂಚಪ್ಪನ ಲೆಕ್ಕದಲ್ಲಿ ಕೆಳಗೆ ಬರೆದದ್ದು ಅಡಿಬರಹ, ಅದನ್ನು ಹಾಗೇ ಬಿಟ್ಟ. ಮೇಲಿನದನ್ನು ಮಾತ್ರ ಇಳಿಸಿದ.

ಸಾಲಿನ ಮೇಲೆ ತನ್ನ ಮನಸ್ಸಿನಿಂದ ಒಂದು ಎಲೆ ಬರೆದ. ಆ ಎಲೆಯ ವಿಷಯ ಹೇಳಲೇಬೇಕು. ನಾನು ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಅದನ್ನು ಬರೆಯುತ್ತಿದ್ದ. ಅಕ್ಷರ ಬರೆಯುವಾಗ ಒಂದು ಕೋಲು ಗೋಡೆಗೆ ಊರಿ ಅದರ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಗೋಡೆಗೆ ತಾಗುವ ತುದಿಗೆ ಬಟ್ಟೆಯ ಉಂಡೆ ಕಟ್ಟಿರುತ್ತದೆ. ಎಲೆಗೆ ಆ ಕೋಲು ಹಿಡಿದಿರಲಿಲ್ಲ. ತೊಟ್ಟಿನಿಂದ ತುದಿಯ ತನಕ ನಡುವಿನ ನರವನ್ನು ಒಂದೇ ಉಸಿರಿನಲ್ಲಿ ಎಳೆದ. ಕೈ ಎಳ್ಳಷ್ಟೂ ಅಲುಗಲಿಲ್ಲ. ಎಲೆಯ ತುದಿ ಇಳಿದು ಬಾಣದ ನೆತ್ತಿಗೆ ತಾಗುವಂತೆ ತೂಗುತ್ತಿತ್ತು. ಹೆಡ್ ಮಾಸ್ಟರು ಹೋಗುವಾಗ ಬರುವಾಗ ನಿಂತು ನೋಡುತ್ತಿದ್ದರು.

ಎಲ್ಲರೂ ಎಲೆ ನೋಡಿದರು. ಸಾಲನ್ನು ದೊಡ್ಡವರು ಯಾರೂ ಓದಲಿಲ್ಲ. ಮಕ್ಕಳು ಓದಿದರು. ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಬೆಳಕನ್ನು ನೀರಿನ ಪಕ್ಕ ಕೂಡಿಸಿ ಬರೆದಿತ್ತು. ಒಬ್ಬ ಹುಡುಗಿಯಂತೂ ಎದ್ದು ನಿಂತು ಕೇಳಿದಳಂತೆ, "ಮೇಡಂ, ಬೆಳಕನ್ನ ಎಷ್ಟು ಗ್ರಾಂ ಹಾಕಬೇಕು?"

ಮೇಡಂ ಹೊರಗೆ ಬಂದು ಗೋಡೆ ನೋಡಿದರು. ಹೆಡ್ ಮಾಸ್ಟರಿಗೆ ಹೇಳಿದರು. ಹೆಡ್ ಮಾಸ್ಟರು ಚಿಕ್ಕೋನಿಗೆ ಹೇಳಿಕಳಿಸಿದರು.

ಮಾರನೆಯ ದಿನ ನಾನು ಡಬ್ಬಿ ಹಿಡಿದು ಹೋದರೆ ಚಿಕ್ಕೋನು ಅಳತೆ ಪಟ್ಟಿ ಹಿಡಿದು ಗೋಡೆಯ ಉದ್ದ ನೋಡುತ್ತಿದ್ದ. ಕುಂಚಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಏನೋ ಇದು, ಅಣ್ಣನ ಎದುರೇ?" ಅಂದೆ.

"ಅಕ್ಕ, ನಾನೇನು ಗೋಡೆ ಕಿತ್ಕೊಂಡು ಹೋಗ್ತಿದೀನಾ? ಕರೆದ್ರು, ಬಂದೆ. ನನ್ನ ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಕೊಟ್ಟದ್ದನ್ನ ಕೊಟ್ಟ ಹಾಗೇ ಬರೆಯುತ್ತೆ. ಇವನ ಹಾಗೆ ಸೂರ್ಯನನ್ನ ಕೆಳಗಿಳಿಸಿ ನೀರಿನ ಪಕ್ಕ ಕೂರಿಸಲ್ಲ," ಅಂತ ನಕ್ಕ.

ಕುಂಚಪ್ಪ ನಗಲಿಲ್ಲ. ನೇರ ಹೆಡ್ ಮಾಸ್ಟರ ಕೋಣೆಗೆ ಹೋದ. ಬಾಗಿಲು ತೆರೆದೇ ಇದ್ದದ್ದರಿಂದ ನನಗೂ ಕೇಳಿಸಿತು.

"ಸಾರ್, ನಾನೇ ಸರಿ ಮಾಡ್ತೀನಿ."

"ಏನಂತ ಸರಿ ಮಾಡ್ತೀರಿ? ಮತ್ತೆ ಇನ್ನೇನೋ ಆಗುತ್ತೆ. ಅದು ಅಂಗಡಿ ಬೋರ್ಡಲ್ಲ ಕಣ್ರೀ, ಅರ್ಥ ಇದೆ ಅದಕ್ಕೆ."

"ಅದಕ್ಕೇ ಸಾರ್, ಮೊದಲು ಅರ್ಥ ಮಾಡ್ಕೊಂಡು ಆಮೇಲೆ ಬರೀತೀನಿ. ಈ ವಾರ ಮುಗಿಯೋ ತನಕ ಬಿಡಿ."

ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ನೋಡೋಣ," ಅಂದರು. ಅವರ ಬಾಯಲ್ಲಿ ಅದು ಒಪ್ಪಿಗೆ.

ಮೇಡಂಗೆ ದಿನವಿಡೀ ಪಾಠ ಹೇಳಿ ಗಂಟಲು ಕಟ್ಟಿತ್ತು. ಊಟದ ಬಿಡುವಿನಲ್ಲಿ ಮತ್ತೊಬ್ಬ ವಿದ್ಯಾರ್ಥಿ, ಅದೂ ಮೊಮ್ಮಕ್ಕಳಿರುವವನು, ಬಂದರೆ ಯಾರಿಗೆ ತಾನೇ ಖುಷಿ? ಆದರೂ ಪ್ರಯೋಗಾಲಯದ ಬಾಗಿಲು ತೆಗೆದರು. ಕುಂಚಪ್ಪ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತ. ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕೂತೆ, ಡಬ್ಬಿ ತೆಗೆದುಕೊಂಡು ಹೋಗಬೇಕಿತ್ತಲ್ಲ.

"ಗಾಳಿಯಿಂದ ಒಂದು ಅನಿಲ, ಬೇರಿನಿಂದ ನೀರು. ಎಲೆ ಇವೆರಡನ್ನೂ ಸೇರಿಸಿ ಸಕ್ಕರೆ ಮಾಡುತ್ತೆ, ಉಳಿದ ಆಮ್ಲಜನಕವನ್ನ ಹೊರಗೆ ಬಿಡುತ್ತೆ. ನಾವು ಉಸಿರಾಡೋದು ಅದನ್ನೇ," ಅಂದರು ಮೇಡಂ.

"ಆಯ್ತು. ಮುಂದೆ ಈ ಆರು ಯಾಕೆ?"

"ಎರಡೂ ಕಡೆ ಲೆಕ್ಕ ಸಮ ಆಗಬೇಕಲ್ಲ."

"ಯಾಕೆ ಸಮ ಆಗಬೇಕು?"

"ಯಾಕೆ ಅಂದ್ರೆ... ಪರಮಾಣುಗಳು ಹುಟ್ಟೋದೂ ಇಲ್ಲ, ಮಾಯ ಆಗೋದೂ ಇಲ್ಲ."

"ಪರಮಾಣು ಅಂದ್ರೆ?"

ಮೇಡಂ ತಲೆಗೆ ಕೈಯಿಟ್ಟುಕೊಂಡರು. ಇವನೂ ಹಣೆ ಒರೆಸಿಕೊಂಡ. ಎರಡು ದಿನ ಹೀಗೇ ಹೋಯಿತು. ಎರಡನೆಯ ದಿನ ಮೇಡಂ ಸ್ವಲ್ಪ ಗಟ್ಟಿಯಾಗಿಯೇ ಅಂದರು, "ನೀವು ಅರ್ಥ ಆಗಲೇಬೇಕು ಅಂತ ಯಾಕೆ ಹಟ ಮಾಡ್ತೀರಿ? ನಾನು ದೊಡ್ಡದಾಗಿ ಸರಿಯಾಗಿ ಬರೆದುಕೊಡ್ತೀನಿ, ಹಾಗೇ ನೋಡಿ ಬರೀರಿ."

"ಹಾಗೇ ನೋಡಿ ಬರೆಯೋಕೆ ನನ್ನ ತಮ್ಮನ ಯಂತ್ರ ಇದೆಯಲ್ಲ ಮೇಡಂ," ಅಂದ ಕುಂಚಪ್ಪ.

 ಮೇಡಂ ಗ್ಲಾಸು ನೀರು ಕುಡಿದು, ದನಿ ತಗ್ಗಿಸಿ ಕೇಳಿದರು, "ಒಂದು ಅಂಗಡಿ ಹೆಸರು ಬದಲಾಯಿಸಿದ್ರೆ ಹಳೇ ಬೋರ್ಡನ್ನ ಏನು ಮಾಡ್ತೀರಿ?"

"ಬಣ್ಣದ್ದಾದ್ರೆ ಬಳಿದುಬಿಡ್ತೀನಿ. ತಗಡಿನ ಅಕ್ಷರ ಆದ್ರೆ ಬಿಚ್ಚಿ, ಅದರಲ್ಲೇ ಹೊಸ ಹೆಸರಿಗೆ ಎಷ್ಟು ಬರುತ್ತೋ ನೋಡ್ತೀನಿ."

"ಆ ಅಕ್ಷರಗಳು ಇವೆಯಾ ಮನೆಯಲ್ಲಿ?"

ಮಾರನೆಯ ಬೆಳಿಗ್ಗೆ ಕುಂಚಪ್ಪನ ಹೆಂಡತಿ ನಮ್ಮ ಮನೆಗೆ ಬಂದಳು. "ಅತ್ತಿಗೆ, ನಿಮ್ಮ ತಮ್ಮನಿಗೆ ಏನಾಗಿದೆ? ಅಟ್ಟದಿಂದ ತಗಡಿನ ಮೂಟೆ ಇಳಿಸಿದ್ರು. ಸಾಲದು ಅಂತ ನನ್ನ ಡಬ್ಬಿಗಳ ಮುಚ್ಚಳವನ್ನೆಲ್ಲ ಚೀಲಕ್ಕೆ ತುಂಬ್ಕೊಂಡು ಹೋದ್ರು. ಎಲೆ ಹೆಂಗೆ ಸಕ್ಕರೆ ಮಾಡುತ್ತೆ ಅಂತ ನೋಡಬೇಕಂತೆ. ಅದು ಸಕ್ಕರೆ ಮಾಡೋದರೊಳಗೆ ನನ್ನ ಸಕ್ಕರೆಗೆ ಇರುವೆ ಬಿತ್ತು!"

ಆ ಮಧ್ಯಾಹ್ನ ಪ್ರಯೋಗಾಲಯದ ಮೇಜು ನೋಡಬೇಕಿತ್ತು. ಇಂಗಾಲಕ್ಕೆ ತಗಡಿನ "ಸಿ" ಅಕ್ಷರ. ಜಲಜನಕಕ್ಕೆ "ಎಚ್". ಅದು ಸಾಲದೆ ಎರಡು ಕಡ್ಡಿ ನಿಲ್ಲಿಸಿ ನಡುವೆ ಹಳೇ ಕುಂಚ ಅಡ್ಡ ಇಟ್ಟು "ಎಚ್" ಮಾಡಿದ್ದ. ಆಮ್ಲಜನಕಕ್ಕೆ ದುಂಡನೆಯ ಮುಚ್ಚಳಗಳು.

"ಎಡಗಡೆ ಒಂದು ಸಿ, ಅದಕ್ಕೆ ಎರಡು ಮುಚ್ಚಳ. ಇದು ಗಾಳಿಯಿಂದ ಬಂದದ್ದು. ಎರಡು ಎಚ್, ಒಂದು ಮುಚ್ಚಳ. ಇದು ನೀರು. ಈಗ ಇಷ್ಟರಲ್ಲೇ ಸಕ್ಕರೆ ಅನ್ನೋ ಬೋರ್ಡು ಬರೀರಿ. ಅದಕ್ಕೆ ಆರು ಸಿ ಬೇಕು," ಅಂದರು ಮೇಡಂ.

"ಒಂದು ಸಿ ಇಟ್ಕೊಂಡು ಆರು ಎಲ್ಲಿಂದ ತರಲಿ?"

"ಅಂಗಡಿಯಿಂದ ತರೋ ಹಾಗಿಲ್ಲ. ಹಳೇ ಬೋರ್ಡಿನಲ್ಲಿ ಇದ್ದದ್ದೇ ಇರಬೇಕು. ಒಂದೂ ಮಿಕ್ಕಬಾರದು, ಒಂದೂ ಎರವಲು ತರಬಾರದು."

ಕುಂಚಪ್ಪ ಮೇಜು ನೋಡುತ್ತಾ ಕೂತ. ಆಮೇಲೆ ತಾನಾಗಿಯೇ ಮೂಟೆಗೆ ಕೈ ಹಾಕಿದ. ಒಂದೊಂದಾಗಿ ಆರು "ಸಿ" ಇಟ್ಟ, ಪ್ರತಿಯೊಂದಕ್ಕೂ ಎರಡೆರಡು ಮುಚ್ಚಳ ಜೋಡಿಸಿದ. ಹನ್ನೆರಡು "ಎಚ್" ಬೇಕು ಅಂತ ಗೊತ್ತಾಗಿ, ನೀರೂ ಆರೇ ಆಗಬೇಕು ಅಂತ ಅವನೇ ಹೇಳಿದ. ಎಲ್ಲವನ್ನೂ ಬಲಗಡೆಗೆ ಸಾಗಿಸಿ ಸಕ್ಕರೆ ಕಟ್ಟಿದ. ಹನ್ನೆರಡು ಮುಚ್ಚಳ ಮಿಕ್ಕವು.

"ಮಿಕ್ಕಿತಲ್ಲ ಮೇಡಂ! ಮಿಕ್ಕಬಾರದು ಅಂದ್ರಿ."

"ಎರಡೆರಡು ಜೋಡಿಸಿ."

ಜೋಡಿಸಿದ. ಆರು ಜೋಡಿ. ಗೋಡೆಯ ಮೇಲೆ ಕೊನೆಯಲ್ಲಿ ತಾನೇ ಬರೆದ ಆರು ಅವನಿಗೆ ಆಗ ಕಂಡಿತು. "ಓಹೋ," ಅಂದ. ತಿರುಗಿ ನನ್ನ ಕಡೆ ನೋಡಿದ. "ಅಕ್ಕ, ಇದೇ ಕಣೇ ನಾವು ಉಸಿರಾಡೋದು. ಸಕ್ಕರೆಗೆ ಹಿಡಿಯದೆ ಮಿಕ್ಕಿದ ಮುಚ್ಚಳ!"

ಅಷ್ಟರಲ್ಲಿ ಅವನ ಮುಖ ಸಣ್ಣದಾಯಿತು. ಮೂಟೆಯೊಳಗೆ ಕೈಯಾಡಿಸಿದ. "ಮೇಡಂ, ಬೆಳಕಿಗೆ ಯಾವ ಅಕ್ಷರ?"

"ಯಾವ ಅಕ್ಷರವೂ ಇಲ್ಲ."

"ಹಾಗಂದ್ರೆ ಬೆಳಕು ಬೇಡವಾ?"

"ಇವೆಲ್ಲ ಎಡಗಡೆಯಿಂದ ಬಲಗಡೆಗೆ ತಾವಾಗೇ ನಡೆದು ಬಂದವಾ?"

"ಇಲ್ಲ. ನಾನೇ ತಂದಿಟ್ಟೆ."

"ನಿಮ್ಮ ಕೈ ಈಗ ಎಡಗಡೆ ಲೆಕ್ಕದಲ್ಲಿ ಇದೆಯಾ, ಬಲಗಡೆ ಲೆಕ್ಕದಲ್ಲಾ?"

ಅವನು ಕೈ ನೋಡಿಕೊಂಡ. ಮೇಜಿನ ನಡುವೆ, ಎರಡು ಗುಂಪಿಗೂ ಸೇರದೆ, ಅದು ಸ್ವಲ್ಪ ನಡುಗುತ್ತಿತ್ತು. ಈ ಸಲ ಅದನ್ನು ಅದುಮಿ ಹಿಡಿಯಲು ಹೋಗಲಿಲ್ಲ.

"ಎರಡರಲ್ಲೂ ಇಲ್ಲ," ಅಂದ.

"ಬೆಳಕೂ ಹಾಗೇ. ಕೆಲಸ ಮಾಡಿಸೋದು ಅದು. ಅದಕ್ಕೇ ಬಾಣದ ಮೇಲೆ ಇಡ್ತೀವಿ. ನಿಮ್ಮ ಕೈ ಹೋಲಿಕೆ ಪೂರ್ತಿ ಸರಿ ಅಂತಲ್ಲ. ಬೆಳಕಿನ ಶಕ್ತಿ ಆ ಸಕ್ಕರೆಯೊಳಗೆ ಸೇರ್ಕೊಂಡು ಕೂತಿರುತ್ತೆ. ಆಮೇಲೆ ಅದನ್ನ ತಿಂದವರಿಗೆ ಸಿಗೋದು ಅದೇ. ಆದ್ರೆ ಅಕ್ಷರದ ಲೆಕ್ಕದಲ್ಲಿ ಹುಡುಕಿದ್ರೆ ಸಿಗಲ್ಲ."

 ಕುಂಚಪ್ಪ ಮುಚ್ಚಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. "ಬೋರ್ಡಿನಲ್ಲಿ ಬಣ್ಣ ಎಷ್ಟಿದೆ, ತಗಡು ಎಷ್ಟಿದೆ ಅಂತ ಹೇಳಬಹುದು. ಬರೆದ ಕೈ ಎಷ್ಟಿದೆ ಅಂತ ಹೇಳೋಕಾಗಲ್ಲ," ಅಂತ ಚೀಲಕ್ಕೇ ಹೇಳುವವನ ಹಾಗೆ ಅಂದ.  ಊಟ ಆರಿಹೋಗಿತ್ತು, ಹಾಗೇ ತಿಂದ.

ಇನ್ನು ಬರೆಯುವುದೊಂದೇ ಬಾಕಿ ಅಂದುಕೊಂಡೆವು. ಗೋಡೆಯ ಮುಂದೆ ನಿಂತಾಗ ತೊಡಕು ಕಂಡಿತು. ಸಾಲಿನಿಂದ ಹಳದಿ "ಬೆಳಕು" ಅಳಿಸಿ ಬಾಣವನ್ನು ಉದ್ದ ಎಳೆಯಬಹುದು. ಬಾಣದ ಕೆಳಗೆ ಪತ್ರಹರಿತ್ತು ಇದೆ. ಬೆಳಕು ಮೇಲೇ ಹೋಗಬೇಕು. ಮೇಲೆ ಜಾಗವೇ ಇಲ್ಲ. ಎಲೆಯ ತುದಿ ಬಂದು ಕೂತಿದೆ.

"ಪಕ್ಕದಲ್ಲಿ ಸಣ್ಣಗೆ ಬರೆದುಬಿಡಿ, ಪರವಾಗಿಲ್ಲ," ಅಂದರು ಮೇಡಂ. ಅವರಿಗೂ ಎಲೆಯ ಮೇಲೆ ಆಸೆ.

"ಸಣ್ಣಗೆ ತುರುಕಿದ್ರೆ ಮರೆತು ಆಮೇಲೆ ಸೇರಿಸಿದ ಹಾಗೆ ಕಾಣುತ್ತೆ ಮೇಡಂ. ನನ್ನಂಥ ಇನ್ನೊಬ್ಬ ಬಂದು ಮತ್ತೆ ಕೆಳಗಿಳಿಸ್ತಾನೆ. ಕೆಲಸ ಮಾಡಿಸೋದೇ ಅದು ಅಂತ ನೀವೇ ಅಂದ್ರಲ್ಲ? ಅಕ್ಷರಗಳಷ್ಟೇ ದಪ್ಪಗೆ ಬರಬೇಕು."

ಅದೇ ಹೊತ್ತಿಗೆ ಚಿಕ್ಕೋನು ಅಚ್ಚಿನ ಹಾಳೆಯ ಮಾದರಿ ಸುತ್ತಿಕೊಂಡು ಬಂದ. ವಾರ ಮುಗಿಯುತ್ತಿತ್ತು. ಅಣ್ಣ ಬಿಳಿ ಬಣ್ಣದ ಡಬ್ಬಿ ತೆರೆದು ಎಲೆಯ ಮುಂದೆ ನಿಂತದ್ದು ನೋಡಿ ಅವನ ಕಾಲು ನಿಂತಿತು.

"ಏನು ಮಾಡ್ತಿದೀಯಣ್ಣ? ಅದನ್ನ ಮುಟ್ಟಬೇಡ."

"ಜಾಗ ಬೇಕು ಕಣೋ."

"ಬೇರೆಲ್ಲಾದ್ರೂ ಮಾಡ್ಕೋ. ಆ ನರ ನೋಡು! ನೀನು ಮತ್ತೆ ಅಂಥದ್ದು..." ಅಲ್ಲಿಗೆ ನಿಲ್ಲಿಸಿದ. ಅಣ್ಣನ ಕೈ ಅವನೂ ನೋಡಿದ್ದಾನೆ ಅಂತ ನನಗೆ ಆಗಲೇ ಗೊತ್ತಾದದ್ದು.

"ಮತ್ತೆ ಎಳೆಯೋಕೆ ಆಗಲ್ಲ. ಗೊತ್ತು," ಅಂದ ಕುಂಚಪ್ಪ. "ಏಣಿ ಹಿಡ್ಕೋ."

ಚಿಕ್ಕೋನು ಹಾಳೆಯ ಸುರುಳಿಯನ್ನು ನನ್ನ ಕೈಗೆ ಕೊಟ್ಟು ಏಣಿ ಹಿಡಿದ. ಕುಂಚಪ್ಪ ಮೊದಲು ಸಾಲಿನೊಳಗಿನ ಹಳದಿ ಬೆಳಕನ್ನೂ ಕೂಡಿಸುವ ಗುರುತನ್ನೂ, ಆಮೇಲೆ ಎಲೆಯ ತುದಿಯನ್ನು ಬಿಳಿಯಲ್ಲಿ ಮುಚ್ಚಿದ. ಒಂದೇ ಉಸಿರಿನಲ್ಲಿ ಎಳೆದ ಆ ನರದ ಕೊನೆ ಹೋಯಿತು.  ತುಂಡಾದ ಎಲೆ ಕತ್ತರಿ ಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಅವನು ಸ್ವಲ್ಪ ಹಿಂದೆ ಬಾಗಿ ನೋಡಿದ. ಆಮೇಲೆ ಆ ಅಂಚನ್ನು ಅರ್ಧಚಂದ್ರ ಅರ್ಧಚಂದ್ರವಾಗಿ ಕೊರೆಯುತ್ತಾ ಹೋದ, ಹುಳ ತಿಂದರೆ ಹೇಗಿರುತ್ತದೋ ಹಾಗೆ. ಆ ಅಂಚಿಗೆ ಕೈ ನಡುಗಿದರೂ ಚಿಂತೆಯಿಲ್ಲ. ನಡುಗಿದಷ್ಟೂ ನಿಜವಾಗಿ ಕಾಣುತ್ತಿತ್ತು. ಕೊನೆಗೆ ಮೂಲೆಯಲ್ಲಿ ಒಂದು ದಪ್ಪ ಹಸಿರು ಹುಳವನ್ನೂ ಬರೆದ. ಅದಕ್ಕೂ ಅವನ ಅಕ್ಷರಗಳ ಹೊಟ್ಟೆಯೇ.

ಮಾರನೆಯ ದಿನ ಬಣ್ಣ ಒಣಗಿದ ಮೇಲೆ ಹೊಸ ಬಾಣ ಎಳೆದ. ಕೋಲು ಊರಿದರೂ ಉದ್ದ ಗೆರೆಗೆ ಕೈ ನಿಲ್ಲಲಿಲ್ಲ. ಎರಡು ಸಲ ಒರೆಸಿದ. ಮೂರನೆಯ ಸಲ ಚಿಕ್ಕೋನೂ ಏಣಿ ಹತ್ತಿ, ಕೋಲಿನ ತುದಿಯನ್ನು ಗೋಡೆಗೆ ಒತ್ತಿ ಅಲುಗದ ಹಾಗೆ ಹಿಡಿದ. ಬಾಣ ನೆಟ್ಟಗೆ ಬಂತು. ಅದರ ಮೇಲೆ, ಹುಳ ಬಿಟ್ಟುಕೊಟ್ಟ ಜಾಗದಲ್ಲಿ, "ಬೆಳಕು" ದಪ್ಪಗೆ ಹಳದಿಯಾಗಿ ಕೂತಿತು.

ಹೆಡ್ ಮಾಸ್ಟರು ಬಂದರು. ಮೊದಲು ಎಲೆಯನ್ನೇ ನೋಡಿದರು.

"ಏನ್ರೀ ಇದು, ಎಲೆ ಹಾಳಾಯ್ತಲ್ಲ!"

"ಹುಳ ತಿಂತು ಸಾರ್," ಅಂದ ಚಿಕ್ಕೋನು.

"ತಿನ್ನಲಿ ಬಿಡಿ ಸಾರ್," ಅಂದ ಕುಂಚಪ್ಪ. "ಎಲೆ ಬೆಳಕು ಹಿಡಿದು ಸಕ್ಕರೆ ಮಾಡಿದ್ದು ಯಾಕೆ ಮತ್ತೆ? ಹುಳಕ್ಕೂ ಅದರಲ್ಲೇ ಊಟ, ನಮಗೂ ಅದರಲ್ಲೇ."

ಹೆಡ್ ಮಾಸ್ಟರು ಸಾಲನ್ನು ಬೆರಳಿಟ್ಟು ಓದಿದರು. ಮೇಡಂ ಕಡೆ ನೋಡಿದರು. ಮೇಡಂ ಗೋಣು ಹಾಕಿದರು. ಒಳಗಿನಿಂದ ಇಣುಕಿದ ಮಕ್ಕಳು "ಹುಳ, ಹುಳ!" ಅಂತ ಕೂಗುತ್ತಿದ್ದವು.

"ಮೆಟ್ಟಿಲ ಹತ್ತಿರದ ಗೋಡೆಗೆ ದೇಹದ ಭಾಗಗಳು ಬೇಕು," ಅಂದರು ಹೆಡ್ ಮಾಸ್ಟರು. "ಅದು ನೀವು ಬರೀರಿ. ಬರೆಯೋ ಮುಂಚೆ ಮೇಡಂ ಹತ್ರ ಕೇಳಿ. ಹೃದಯವನ್ನ ನಿಮ್ಮ ಮನಸ್ಸಿಗೆ ಬಂದ ಕಡೆ ಕೂರಿಸಬೇಡಿ. ಮಗ್ಗಿ, ನಕಾಶೆ ಎಲ್ಲ ಅಚ್ಚಿನ ಹಾಳೆಯಲ್ಲೇ ಇರಲಿ." ಕೊನೆಯ ಮಾತು ಚಿಕ್ಕೋನಿಗೆ.

ಎಲ್ಲ ಗೋಡೆ ಸಿಗಲಿಲ್ಲ. ಒಂದು ಸಿಕ್ಕಿತು. ಏಣಿ ಹೊರುವ ಮಾತು ಸದ್ಯಕ್ಕೆ ನಿಂತಿತು.

ನಾನು ಪಡಸಾಲೆಯ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದೆ. ಕುಂಚಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಳೇ ಲೋಟದಲ್ಲಿ ಸೀಮೆಎಣ್ಣೆ ಸುರಿದು ಕುಂಚ ಅದ್ದಿದ. ಹಳದಿ ಬಿಟ್ಟುಕೊಂಡಿತು. ಬಟ್ಟೆಯಲ್ಲಿ ಒತ್ತಿ ಹಿಂಡಿದ, ಮತ್ತೆ ಅದ್ದಿದ.

"ಕೊಡಣ್ಣ, ನಾನು ತೊಳೀತೀನಿ," ಅಂದ ಚಿಕ್ಕೋನು.

"ನೀನು ಕೂದಲು ಉದುರಿಸ್ತೀಯ. ಆ ದಪ್ಪದ್ದು ತೊಳಿ."

ಇಬ್ಬರೂ ತೊಳೆದರು. ಕುಂಚಪ್ಪ ತನ್ನ ಕುಂಚಕ್ಕೆ ಸಾಬೂನು ಹಚ್ಚಿ, ಅಂಗೈಯಲ್ಲಿ ತಿರುಗಿಸಿ, ನೀರು ತಿಳಿಯಾಗುವ ತನಕ ನಲ್ಲಿಯ ಕೆಳಗೆ ಹಿಡಿದ. ಆಮೇಲೆ ಕೂದಲನ್ನು ಎರಡು ಬೆರಳಲ್ಲಿ ಸವರಿ ತುದಿ ಚೂಪು ಮಾಡಿ, ಬಟ್ಟೆಯ ಮೇಲೆ ಮಲಗಿಸಿದ.